ಉಸಿರು ಎರಡು ಸಲ ನಿಂತ ಕರು: ಯಲಹಂಕ ಕಡೆಯ ಒಂದು ಪ್ರಕರಣ

ಒಂದೇ ಕರು, ಒಂದೇ ರಾತ್ರಿ, ಎರಡು ಸಲ ಉಸಿರು ನಿಂತಿತು. ಮೊದಲನೇ ಸಲ ನಿಂತಿದ್ದು ಹೆರಿಗೆ ತಡವಾಗಿದ್ದಕ್ಕೆ. ಅದು ಹಸು ಸಾಕಿದ ಯಾರಿಗಾದರೂ ಅರ್ಥವಾಗುತ್ತದೆ. ಎರಡನೇ ಸಲದ ಕಾರಣ ಬೇರೆ. ಆಗ ಕರುವಿನ ನರಗಳು ಕೆಟ್ಟಿರಲಿಲ್ಲ, ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು, ಅದಕ್ಕೇ ಉಸಿರು ನಿಂತಿತು. ಈ ಎರಡನೆಯದನ್ನು ಬಿಡಿಸಿ ಹೇಳಬೇಕು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಯಾಕಂದ್ರೆ ಹೀಗಾದಾಗ ನಮ್ಮ ಕಡೆ "ನೀರು ನೆತ್ತಿಗೇರಿ ಸತ್ತೋಯ್ತು" ಅಂದುಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ, ಮುಂದಿನ ಕರುವಿಗೂ ಅದನ್ನೇ ಮಾಡುತ್ತಾರೆ.

ಹಸು ಚೊಚ್ಚಲು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಮೈಕಟ್ಟು ಸ್ವಲ್ಪ ಸಣ್ಣದು. ಯಲಹಂಕ ದಾಟಿ ರಾಜಾನುಕುಂಟೆ ಕಡೆ ಹೋಗುವಾಗ ಸಿಗುವ ಒಂದು ಮನೆ. ಸುತ್ತಲಿನ ಹೊಲ ಎಲ್ಲ ಲೇಔಟ್ ಆಗಿದೆ, ಸೈಟುಗಳ ನಡುವೆ ಒಂದು ಶೀಟಿನ ಕೊಟ್ಟಿಗೆ, ಅದರಲ್ಲಿ ನಾಲ್ಕು ಹಸು. ಜನವರಿ ತಿಂಗಳು, ಒಳ್ಳೆ ಚಳಿ. ರಾತ್ರಿ ಒಂಬತ್ತರ ಹೊತ್ತಿಗೆ ನೀರುಗುಳ್ಳೆ ಒಡೆದಿದೆ. ಮನೆಯವರು ಕಾದಿದ್ದಾರೆ, ಎರಡು ಕಾಲು ಕಂಡಿವೆ, ಆಮೇಲೆ ಮುಂದಕ್ಕೆ ಬಂದಿಲ್ಲ. ಪಶುವೈದ್ಯನಾದ ನನಗೆ ಫೋನ್ ಬಂದಾಗ ಹನ್ನೊಂದು. ನಾನು ಹೋಗುವಷ್ಟರಲ್ಲಿ ಮೂತಿ ಹೊರಗೆ ಬಂದಿತ್ತು, ನಾಲಗೆ ಊದಿಕೊಂಡು ನೀಲಿ ತಿರುಗಿ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಕಾಲಿಗೆ ಹಗ್ಗ ಕಟ್ಟಿ, ಹಸು ಮುಕ್ಕಿರಿದಾಗ ಮಾತ್ರ ಎಳೆದು, ಬಿಟ್ಟಾಗ ಬಿಟ್ಟು, ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕರು ಹೊರಗೆ ಬಂತು. ಹೆಣ್ಣುಗರು. ತೂಕ ಮೂವತ್ತೈದು ಕಿಲೋ ಮೇಲೇ ಇರಬೇಕು, ಆ ಹಸುವಿಗೆ ಅದು ದೊಡ್ಡ ಕರುವೇ.

ಉಸಿರಿಲ್ಲ. ಎದೆ ಅಲ್ಲಾಡುತ್ತಿಲ್ಲ.

ಇಂಥ ಹೊತ್ತಲ್ಲಿ ಕೈ ಮೊದಲು ಹೋಗಬೇಕಾದ್ದು ಎಡಗಡೆ ಮುಂಗಾಲಿನ ಮೊಣಕೈ ಹಿಂದಕ್ಕೆ. ಎದೆಬಡಿತ ಇತ್ತು. ನಿಮಿಷಕ್ಕೆ ಎಂಬತ್ತು ಇರಬಹುದು. ಹುಟ್ಟಿದ ಕರುವಿಗೆ ನೂರರ ಮೇಲೆ ಇರಬೇಕು, ಹಾಗಾಗಿ ಕಡಿಮೆಯೇ, ಆದರೆ ಇದೆ. ಕಣ್ಣಿನ ಮೂಲೆ ಮುಟ್ಟಿದೆ, ರೆಪ್ಪೆ ಸಣ್ಣಗೆ ಅದುರಿತು. ಗೊರಸಿನ ನಡುವಿನ ಚರ್ಮ ಜಿಗುಟಿದೆ, ಕಾಲನ್ನು ಒಂಚೂರು ಹಿಂದಕ್ಕೆ ಎಳೆದುಕೊಂಡಿತು. ಈ ಮೂರೂ ಸೇರಿ ಒಂದು ವಿಷಯ ಹೇಳುತ್ತವೆ: ಇದು ಮೊದಲ ನಿಲುಗಡೆ ಇರಬೇಕು, ಕೊನೆಯದಲ್ಲ.

ಈ ವ್ಯತ್ಯಾಸ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ಜೆಫ್ರಿ ಡಾಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಆಗತಾನೆ ಹುಟ್ಟಿದ ಪ್ರಾಣಿಗಳಲ್ಲಿ, ಮುಖ್ಯವಾಗಿ ಕೋತಿಮರಿಗಳಲ್ಲಿ ಮತ್ತು ಕುರಿಮರಿಗಳಲ್ಲಿ, ಆಮ್ಲಜನಕ ಸಿಗದೆ ಹೋದರೆ ಏನೇನಾಗುತ್ತದೆ ಅಂತ ಹಂತಹಂತವಾಗಿ ನೋಡಿದರು. ಮೊದಲು ಜೋರಾಗಿ ಉಸಿರಾಡಲು ಒದ್ದಾಡುತ್ತದೆ. ಆಮೇಲೆ ಉಸಿರು ನಿಲ್ಲುತ್ತದೆ, ಇದು ಮೊದಲ ನಿಲುಗಡೆ. ಸ್ವಲ್ಪ ಹೊತ್ತಿನ ಮೇಲೆ ಬಾಯಿ ಬಿಟ್ಟು ದೊಡ್ಡದಾಗಿ ಎಳೆಯುವ ಉಸಿರುಗಳು ಬರುತ್ತವೆ, ಒಂದಕ್ಕೊಂದು ದೂರ ದೂರ. ಅವೂ ಸೋತು ನಿಂತರೆ ಅದು ಕೊನೆಯ ನಿಲುಗಡೆ. ಮೊದಲ ನಿಲುಗಡೆಯಲ್ಲಿ ಮೈ ಉಜ್ಜಿದರೆ, ಮುಟ್ಟಿದರೆ, ಚಳಿ ತಾಗಿಸಿದರೆ ಉಸಿರು ಶುರುವಾಗಬಹುದು, ಯಾಕಂದ್ರೆ ನರಗಳ ದಾರಿ ಇನ್ನೂ ತೆರೆದಿರುತ್ತದೆ. ಕೊನೆಯದರಲ್ಲಿ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಶ್ವಾಸಕೋಶಕ್ಕೆ ಗಾಳಿಯನ್ನೇ ಒತ್ತಬೇಕು. ಕಷ್ಟ ಏನೆಂದರೆ ಇದರಲ್ಲಿ ಎಷ್ಟು ಭಾಗ ತಾಯಿಯ ಹೊಟ್ಟೆಯೊಳಗೇ ಮುಗಿದಿರುತ್ತದೆ ಅಂತ ಹೊರಗಿದ್ದವರಿಗೆ ಕಾಣುವುದಿಲ್ಲ. ಎದೆಬಡಿತ, ಮೈಯ ಬಿಗಿ, ಮುಟ್ಟಿದಾಗಿನ ಪ್ರತಿಕ್ರಿಯೆ, ಇವಷ್ಟೇ ನಮಗೆ ಸಿಗುವ ಸುಳಿವು.

ಆ ಮನೆಯ ಅಜ್ಜಿ ಪಕ್ಕದಲ್ಲೇ ಇದ್ದರು. "ಹಿಂಗಾಲು ಹಿಡಿದು ತಲೆಕೆಳಗೆ ಮಾಡಿ ಡಾಕ್ಟ್ರೇ, ನೀರೆಲ್ಲ ಇಳೀಲಿ" ಅಂದರು. ಅವರ ಮಗ ಆಗಲೇ ಕಾಲಿಗೆ ಕೈ ಹಾಕಿದ್ದರು.

"ಬೇಡ ಅಜ್ಜಿ. ಅಣ್ಣ, ಬಿಡಿ ಕಾಲು" ಅಂದೆ.

ಬೇಡ ಅಂದಿದ್ದಕ್ಕೆ ಕಾರಣ ಇದೆ. ಕರುವನ್ನು ತಲೆಕೆಳಗೆ ನೇತುಹಾಕಿದಾಗ ಬಾಯಿಂದ ಸುರಿಯುವ ನೀರು ಬಹುಪಾಲು ಹೊಟ್ಟೆಯದು, ಶ್ವಾಸಕೋಶದ್ದಲ್ಲ. ಜೊತೆಗೆ ಹೊಟ್ಟೆಯೊಳಗಿನ ಭಾರವೆಲ್ಲ ವಪೆಯ ಮೇಲೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ ಮೇಲೆ, ಬೀಳುತ್ತದೆ. ಉಸಿರೆಳೆಯಲು ಕೆಳಗಿಳಿಯಬೇಕಾದ ವಪೆ ಭಾರ ಹೊತ್ತು ಕೂತರೆ ಆ ಕರು ಉಸಿರೆಳೆಯುವುದಾದರೂ ಹೇಗೆ? ಶ್ವಾಸಕೋಶದಲ್ಲಿರುವ ನೀರು ಹೋಗುವ ದಾರಿಯೇ ಬೇರೆ. ಹೆರಿಗೆ ನೋವಿನ ಹೊತ್ತಲ್ಲಿ ಕರುವಿನ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ, ಅದರ ಪ್ರಭಾವದಿಂದ ಅಲ್ಲಿಯವರೆಗೆ ನೀರು ಸುರಿಸುತ್ತಿದ್ದ ಶ್ವಾಸಕೋಶದ ಒಳಪದರ ನೀರು ಹೀರಲು ಶುರುಮಾಡುತ್ತದೆ, ಉಳಿದಿದ್ದು ಮೊದಲ ಉಸಿರುಗಳ ಜೊತೆ ಒಳಗೇ ಇಂಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಹೊರಗೆ ಸುರಿಸುವ ಅಗತ್ಯವೇ ಇಲ್ಲ.

ಮೂಗು ಬಾಯಿಯ ಲೋಳೆ ಒರೆಸಿದೆವು. ಕರುವನ್ನು ಎದೆಯ ಮೇಲೆ ಕೂರಿಸಿದೆವು, ಮುಂಗಾಲು ಮಡಿಸಿ, ಹಿಂಗಾಲು ಎರಡನ್ನೂ ಎರಡು ಪಕ್ಕಕ್ಕೆ ಮುಂದಕ್ಕೆ ಎಳೆದು. ಒಂದು ಪಕ್ಕಕ್ಕೆ ಮಲಗಿದ್ದರೆ ಕೆಳಗಿನ ಶ್ವಾಸಕೋಶ ಅದುಮಿಕೊಂಡು ತೆರೆಯುವುದಿಲ್ಲ, ಹೀಗೆ ಕೂತರೆ ಎರಡೂ ತೆರೆಯಬಹುದು. ಆಮೇಲೆ ಗೋಣಿಚೀಲದಲ್ಲಿ ಜೋರಾಗಿ ಉಜ್ಜುತ್ತಾ, ಕಿವಿ ಮತ್ತು ನೆತ್ತಿಯ ಮೇಲೆ ಒಂದು ಮಗ್ ತಣ್ಣೀರು. ಚಳಿ ಅನ್ನುವುದು ಮೊದಲ ಉಸಿರಿನ ದೊಡ್ಡ ಪ್ರಚೋದನೆಗಳಲ್ಲಿ ಒಂದು. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇನ್ನೂ ಗರ್ಭದಲ್ಲೇ ಇದ್ದ ಕುರಿಮರಿಗಳ ಮೈಯನ್ನು ತಂಪು ಮಾಡಿದಾಗ ಅವು ಅಲ್ಲೇ ಉಸಿರಾಟದ ಚಲನೆ ಶುರು ಮಾಡಿದ್ದವು. ನೀರನ್ನು ನೆತ್ತಿಗೆ ಮಾತ್ರ ಹಾಕಬೇಕು, ಮೂತಿಗೆ ಅಲ್ಲ. ಇದು ಯಾಕೆ ಅಂತ ಮುಂದೆ ಬರುತ್ತದೆ.

ಕೊನೆಗೆ ಹುಲ್ಲುಕಡ್ಡಿ. ಮೂಗಿನ ಹೊಳ್ಳೆಯೊಳಗೆ ಶುಭ್ರವಾದ ಒಂದು ಕಡ್ಡಿ ತೂರಿಸಿ ಆಡಿಸುವುದನ್ನು ನಮ್ಮ ಹಿರಿಯರೂ ಮಾಡುತ್ತಿದ್ದರು, ಈಗಿನ ಪಶುವೈದ್ಯರೂ ಮಾಡುತ್ತಾರೆ, ಇದರಲ್ಲಿ ಯಾರಿಗೂ ತಕರಾರಿಲ್ಲ. ಮೂಗಿನ ಒಳಪದರದ ಸ್ಪರ್ಶವನ್ನು ಟ್ರೈಜೆಮಿನಲ್ ಎಂಬ ಮುಖದ ನರ ಮೆದುಳಿನ ಬುಡಕ್ಕೆ ಒಯ್ಯುತ್ತದೆ, ಅಲ್ಲಿಂದ ಸೀನೋ ಒಂದು ದೊಡ್ಡ ಉಸಿರೋ ಹೊರಡುತ್ತದೆ. ಎಡಗಡೆ ಹೊಳ್ಳೆಯಲ್ಲಿ ಆಡಿಸಿದಾಗ ಏನೂ ಆಗಲಿಲ್ಲ. ಬಲಗಡೆ ಸ್ವಲ್ಪ ಆಳಕ್ಕೆ ಹೋದಾಗ ಕರು ತಲೆ ಒದರಿ, ಬಾಯಿ ತೆರೆದು ಒಂದು ಉಸಿರೆಳೆಯಿತು. ಒಂದೇ. ಮತ್ತೆ ನಿಶ್ಶಬ್ದ.

ಆಗ ಗಾಳಿ ಒತ್ತುವ ಪಂಪು ತೆಗೆದೆ. ಮಾಸ್ಕನ್ನು ಮೂತಿಗೆ ಬಿಗಿಯಾಗಿ ಹಿಡಿದು, ಗಾಳಿ ಹೊಟ್ಟೆಗೆ ಹೋಗದ ಹಾಗೆ ಕತ್ತಿನ ಎಡಗಡೆ ಅನ್ನನಾಳವನ್ನು ಬೆರಳಲ್ಲಿ ಒತ್ತಿಸಿ, ಮೆಲ್ಲಗೆ ಒಂದು ಸಲ ಒತ್ತಿದೆ. ಮೊದಲ ಸಲ ಒಳಗೆ ತುಂಬಾ ಬಿಗಿ. ಒದ್ದೆಯಾಗಿ ಅಂಟಿಕೊಂಡ ಪ್ಲಾಸ್ಟಿಕ್ ಕವರನ್ನು ಬಿಡಿಸುವಾಗ ಮೊದಲ ಬಿಚ್ಚುವಿಕೆಯೇ ಕಷ್ಟ, ಆಮೇಲೆ ಸುಲಭ ಅಲ್ವಾ, ಶ್ವಾಸಕೋಶವೂ ಹಾಗೇ. ಎರಡನೇ ಸಲ ಒತ್ತಿದಾಗ ಒಂದು ವಿಷಯ ನಡೆಯಿತು, ಅದನ್ನು ನೋಡುವುದೇ ಒಂದು ಸಂತೋಷ. ಪಕ್ಕೆಯ ಮೇಲಿಟ್ಟಿದ್ದ ನನ್ನ ಎಡಗೈ ಕೆಳಗೆ ಎದೆ ಏರಿತು, ನಾನು ಒತ್ತಿ ನಿಲ್ಲಿಸಿದ ಮೇಲೂ ಏರುತ್ತಲೇ ಹೋಯಿತು. ಪಂಪು ಒತ್ತಿದ್ದಕ್ಕಿಂತ ಜಾಸ್ತಿ ಗಾಳಿಯನ್ನು ಕರು ತಾನಾಗಿ ಎಳೆದುಕೊಂಡಿತು.

ಇದಕ್ಕೆ ಹೆಡ್ ರಿಫ್ಲೆಕ್ಸ್ ಅನ್ನುತ್ತಾರೆ. ಇದರ ಹಿಂದೆ ಒಂದು ಕಥೆ ಇದೆ. 1868ರಲ್ಲಿ ವಿಯೆನ್ನಾದಲ್ಲಿ ಎವಾಲ್ಡ್ ಹೆರಿಂಗ್ ಮತ್ತು ಜೋಸೆಫ್ ಬ್ರಾಯರ್ ಒಂದು ಪ್ರತಿವರ್ತನೆಯನ್ನು, ಅಂದರೆ ರಿಫ್ಲೆಕ್ಸನ್ನು, ಕಂಡುಹಿಡಿದಿದ್ದರು: ಶ್ವಾಸಕೋಶ ಉಬ್ಬಿದಾಗ ಗಾಳಿಕೊಳವೆಗಳ ಗೋಡೆಯಲ್ಲಿರುವ ಹಿಗ್ಗು ಗ್ರಾಹಕಗಳು, ಅಂದರೆ ಹಿಗ್ಗಿದ್ದನ್ನು ಗ್ರಹಿಸುವ ನರದ ತುದಿಗಳು, ಮೆದುಳಿನ ಬುಡದಿಂದ ಎದೆ ಹೊಟ್ಟೆಗೆ ಇಳಿಯುವ ವೇಗಸ್ ನರದ ಮೂಲಕ "ಸಾಕು" ಅಂತ ಮೆದುಳಿಗೆ ಹೇಳುತ್ತವೆ, ಉಸಿರೆಳೆಯುವುದು ನಿಲ್ಲುತ್ತದೆ, ಬಿಡುವುದು ಶುರುವಾಗುತ್ತದೆ. ಮುಂದೆ ಹೆರಿಂಗ್ ಪ್ರಾಗ್‌ನಲ್ಲಿದ್ದಾಗ ಹೆನ್ರಿ ಹೆಡ್ ಎಂಬ ಇಂಗ್ಲಿಷ್ ಯುವಕ ಅವರ ಹತ್ತಿರ ಕೆಲಸ ಮಾಡಿದರು. ಮೊಲದ ವೇಗಸ್ ನರವನ್ನು ತಂಪು ಮಾಡಿ ತಡೆದು, ಅದು ಮತ್ತೆ ಬೆಚ್ಚಗಾಗುವ ಹೊತ್ತಲ್ಲಿ ಶ್ವಾಸಕೋಶ ಉಬ್ಬಿಸಿದಾಗ ಅವರಿಗೆ ಇದರ ಉಲ್ಟಾ ಕಂಡಿತು: ಉಬ್ಬಿಸಿದರೆ ಇನ್ನಷ್ಟು ಎಳೆಯುತ್ತದೆ. 1889ರಲ್ಲಿ ಅದನ್ನು ಪ್ರಕಟಿಸಿದರು. ಬೆಳೆದ ಪ್ರಾಣಿಗಳಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕಾಣುತ್ತದೆ. 1960ರಲ್ಲಿ ಮನುಷ್ಯರ ಕೂಸುಗಳಲ್ಲೂ ಇದನ್ನು ಅಳೆದು ತೋರಿಸಿದರು. ಯಾತಕ್ಕೆ ಇದೆ ಅಂತ ಕೇಳಿದರೆ, ಇನ್ನೂ ಅರ್ಧ ತೆರೆದ ಶ್ವಾಸಕೋಶವನ್ನು ಪೂರ್ತಿ ತೆರೆಸಲು ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ. ಸ್ವಲ್ಪ ಗಾಳಿ ಹೋದರೆ ಸಾಕು, ಉಳಿದದ್ದನ್ನು ಮರಿಯೇ ಎಳೆದುಕೊಳ್ಳುತ್ತದೆ. ಪಂಪಿನ ಕೆಲಸ ದಾರಿ ತೋರಿಸುವುದಷ್ಟೇ, ಹಾಗಾಗಿ ಜೋರಾಗಿ ಒತ್ತಬಾರದು.

ಇನ್ನೊಂದು ನಾಲ್ಕೈದು ಸಲ ಒತ್ತಿದ ಮೇಲೆ ಕರು ತಾನೇ ಉಸಿರಾಡತೊಡಗಿತು. ಬೇಗ ಬೇಗ, ಮೇಲೆಮೇಲೆ, ನಿಮಿಷಕ್ಕೆ ಎಪ್ಪತ್ತರ ಹತ್ತಿರ, ಪ್ರತಿ ಉಸಿರು ಬಿಡುವಾಗ ಸಣ್ಣಗೆ "ಹೂಂ" ಅನ್ನುವ ನರಳಿಕೆ. ಮನೆಯವರಿಗೆ ಅದು ನೋವಿನ ಸದ್ದಿನ ಹಾಗೆ ಕೇಳಿಸಿತು. ನಿಜಕ್ಕೂ ಅದು ಧ್ವನಿಪೆಟ್ಟಿಗೆ ಅರ್ಧ ಮುಚ್ಚಿ ಗಾಳಿಯನ್ನು ಒಳಗೆ ಹಿಡಿದಿಡುವ ಪ್ರಯತ್ನ, ಹೊಸದಾಗಿ ತೆರೆದ ಶ್ವಾಸಕೋಶ ಮತ್ತೆ ಕುಸಿಯಬಾರದು ಅಂತ. ಇದಕ್ಕೂ ವೇಗಸ್ಸೇ ಬೇಕು. ಶ್ವಾಸಕೋಶ ಕುಗ್ಗಿದರೆ ಬೇಗ ಉಸಿರೆಳೆಸುವುದು, ಉಬ್ಬಿದರೆ ನಿಲ್ಲಿಸುವುದು, ಎರಡೂ ಮರಿಗಳಲ್ಲಿ ದೊಡ್ಡವುಗಳಿಗಿಂತ ಬಲವಾಗಿರುತ್ತವೆ. ಹುಟ್ಟುವ ಮೊದಲೇ ಗರ್ಭದಲ್ಲಿ ಶ್ವಾಸಕೋಶದ ವೇಗಸ್ ಸಂಪರ್ಕ ತಪ್ಪಿಸಿದ ಕುರಿಮರಿಗಳು, ದಿನ ತುಂಬಿ ಹುಟ್ಟಿದರೂ, ಸರಿಯಾದ ಉಸಿರಾಟ ಕಟ್ಟಿಕೊಳ್ಳಲು ಆಗದೆ ಹೋದವು. ಬೇಗ ಬೇಗ ಉಸಿರಾಡಿದ್ದಕ್ಕೆ ಇನ್ನೊಂದು ಕಾರಣವೂ ಸೇರಿರಬಹುದು. ಶ್ವಾಸಕೋಶದ ರಕ್ತನಾಳಗಳ ಪಕ್ಕದಲ್ಲಿ ಜೆ ಗ್ರಾಹಕಗಳು ಅಂತ ಇವೆ, ಸುತ್ತಲಿನ ಅಂಗಾಂಶ ಒದ್ದೆಯಾಗಿದ್ದರೆ ಅವು ಎದ್ದು ಉಸಿರನ್ನು ಚಿಕ್ಕದು ಮಾಡುತ್ತವೆ. ಅವನ್ನು ಗುರುತಿಸಿದವರು ನಮ್ಮವರೇ, ದೆಹಲಿಯಲ್ಲಿ ಕೆಲಸ ಮಾಡಿದ ಔತಾರ್ ಸಿಂಗ್ ಪೈಂಟಾಲ್. ನಮ್ಮ ಮಕ್ಕಳ ಪಾಠದಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಬರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಅರ್ಧ ಗಂಟೆಯಲ್ಲಿ ಉಸಿರು ಐವತ್ತಕ್ಕೆ ಇಳಿಯಿತು, ಎದೆಬಡಿತ ನೂರಮೂವತ್ತಕ್ಕೆ ಏರಿತು, ಕರು ತಲೆ ಎತ್ತಿ ಹಿಡಿದುಕೊಂಡಿತು. ಉಷ್ಣತೆ 38.9 ಡಿಗ್ರಿ. ಬಾಯಿಗೆ ಬೆರಳು ಕೊಟ್ಟು ನೋಡಿದೆ, ಚೀಪುವುದು ಇನ್ನೂ ಸಾಲದು, ನಾಲಗೆ ಸುತ್ತಿಕೊಳ್ಳುತ್ತಿಲ್ಲ. "ಬೆರಳನ್ನು ಗಟ್ಟಿಯಾಗಿ ಚೀಪೋವರೆಗೂ ಬಾಯಿಗೆ ಏನೂ ಹಾಕಬೇಡಿ, ಆಮೇಲೆ ಗಿಣ್ಣುಹಾಲು ಕುಡಿಸೋಣ" ಅಂತ ಹೇಳಿ ನಾನು ಹಸುವಿನ ಕಡೆ ತಿರುಗಿದೆ. ಚೊಚ್ಚಲು, ಎಳೆದ ಹೆರಿಗೆ, ಒಳಗೆ ಎಲ್ಲಾದರೂ ಹರಿದಿದೆಯಾ ನೋಡಬೇಕು, ಸತ್ತೆ (ಮಾಸು) ಬಿದ್ದಿಲ್ಲ, ಆ ಕೆಲಸ ಸ್ವಲ್ಪ ಹೊತ್ತು ಹಿಡಿಯಿತು.

ಇತ್ತ ಮನೆಯವರು ಪ್ರೀತಿಯಿಂದ ಎರಡು ಕೆಲಸ ಮಾಡಿದರು. ಕರುವಿಗೆ ಎರಡು ಕಂಬಳಿ ಸುತ್ತಿ, ದೊಡ್ಡ ಬಲ್ಬನ್ನು ಅದರ ಬೆನ್ನಿಗೆ ತಾಗುವಷ್ಟು ಕೆಳಗೆ ಇಳಿಬಿಟ್ಟರು. ಅಜ್ಜಿ ಬೆಲ್ಲದ ನೀರು ಬಿಸಿ ಮಾಡಿ ತಂದರು. ಸುಸ್ತಾದ ಜೀವಕ್ಕೆ ಬೆಲ್ಲದ ನೀರು ಕೊಡುವುದು ನಮ್ಮಲ್ಲಿ ಹೊಸದೇನಲ್ಲ, ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುವುದೇ ಅದನ್ನ. ಮೊಮ್ಮಗಳು ಕೂಸಾಗಿದ್ದಾಗ ಕುಡಿಸುತ್ತಿದ್ದ ಒಳಲೆಯಲ್ಲಿ ತುಂಬಿ, ಕರುವಿನ ಮೂತಿ ಮೇಲಕ್ಕೆತ್ತಿ, ಬಾಯಿಯ ಮೂಲೆಯಿಂದ ಸುರಿದರು. ಎರಡನೇ ಒಳಲೆಗೆ ಪಿಯುಸಿ ಓದುವ ಆ ಮೊಮ್ಮಗಳು ಕೂಗಿದಳು: "ಸಾರ್, ಮತ್ತೆ ನಿಂತೋಯ್ತು!"

ನಾನು ಬಂದು ನೋಡಿದ್ದು ಇಷ್ಟು. ಕೆಮ್ಮಿಲ್ಲ, ಒದ್ದಾಟ ಇಲ್ಲ, ಗೊರಗೊರ ಸದ್ದಿಲ್ಲ. ಎದೆ ಸುಮ್ನೆ ನಿಂತಿದೆ. ಎದೆಬಡಿತ ನೂರಮೂವತ್ತರಿಂದ ಅರವತ್ತರ ಸುತ್ತ ಬಿದ್ದಿದೆ, ಒಂದೊಂದು ಬಡಿತ ಬಿಡಿಬಿಡಿಯಾಗಿ ಕೈಗೆ ಸಿಗುತ್ತಿದೆ. ಕಣ್ಣು ತೆರೆದೇ ಇದೆ. ಮತ್ತು ಆ ಹುಡುಗಿ ಹಿಡಿದಿದ್ದ ಮೊಬೈಲ್ ಟಾರ್ಚಿನ ಬೆಳಕಲ್ಲಿ ಗಂಟಲು ಚೆನ್ನಾಗಿ ಕಾಣುತ್ತಿತ್ತು: ಚರ್ಮದ ಕೆಳಗೆ ಒಂದು ಗುಬುಟು ಮೇಲೆ ಹೋಗಿ ಕೆಳಗೆ ಬರುತ್ತಿದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಕರು ಒಂದಾದ ಮೇಲೊಂದು ನುಂಗುತ್ತಿದೆ, ಆದರೆ ಉಸಿರಾಡುತ್ತಿಲ್ಲ.

ಉಸಿರು ನಿಲ್ಲುವುದು, ಬಿಡದೆ ನುಂಗುವುದು, ಎದೆಬಡಿತ ಇಳಿಯುವುದು. ಈ ಮೂರು ಒಟ್ಟಿಗೆ ಬಂದರೆ ಧ್ವನಿಪೆಟ್ಟಿಗೆಯ ರಾಸಾಯನಿಕ ರಿಫ್ಲೆಕ್ಸ್ ಅಂತಲೇ ನಾನು ಓದುತ್ತೇನೆ.

ಕಂಬಳಿ ಕಿತ್ತು ಹಾಕಿದೆ, ಬಲ್ಬು ಮೇಲಕ್ಕೆ. ಮೂತಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಾಯಿಯ ಹಿಂಭಾಗದ ನೀರು ತೆಗೆದೆ. ಮಾಸ್ಕ್ ಪಕ್ಕದಲ್ಲಿ ಸಿದ್ಧವಿತ್ತು, ಆದರೆ ತಕ್ಷಣ ಒತ್ತಲಿಲ್ಲ. ಗಂಟಲಲ್ಲಿ ನೀರಿರುವಾಗ ಗಾಳಿ ಒತ್ತಿದರೆ ಆ ನೀರು ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕೆ ಉಜ್ಜಿ, ಮೂಗಿಗೆ ಮತ್ತೆ ಕಡ್ಡಿ. ಕರು ಇನ್ನೂ ಎರಡು ಮೂರು ಸಲ ನುಂಗಿತು, ತಲೆ ಒದರಿತು, ಬಾಯಿ ಬಿಟ್ಟು ಒಂದು ದೊಡ್ಡ ಉಸಿರೆಳೆಯಿತು, ಅದರ ಹಿಂದೆಯೇ ಇನ್ನೊಂದು. ಒಟ್ಟು ಒಂದು ನಿಮಿಷದೊಳಗಿನ ಮಾತು. ಅಲ್ಲಿ ನಿಂತವರಿಗೆ ತುಂಬಾ ಉದ್ದದ ನಿಮಿಷ. ಆಮೇಲೆ ಉಷ್ಣತೆ ನೋಡಿದರೆ 40.1.

ಈಗ ಇದನ್ನು ಬಿಡಿಸುತ್ತೇನೆ. ಧ್ವನಿಪೆಟ್ಟಿಗೆಯ ಒಳಪದರದಲ್ಲಿ ನರದ ತುದಿಗಳಿವೆ, ಅಲ್ಲಿಂದ ಮೇಲಿನ ಲ್ಯಾರಿಂಜಿಯಲ್ ನರ ಹೊರಟು ವೇಗಸ್ ಸೇರಿ ಮೆದುಳಿನ ಬುಡಕ್ಕೆ ಹೋಗುತ್ತದೆ. 1970ರ ದಶಕದಲ್ಲಿ ಕುರಿಮರಿಗಳ ಮೇಲೆ ನಡೆದ ಕೆಲಸದಲ್ಲಿ ಒಂದು ಅಚ್ಚರಿ ಕಂಡಿತು. ಧ್ವನಿಪೆಟ್ಟಿಗೆಗೆ ಸ್ವಲ್ಪ ಸಾದಾ ನೀರು ಬಿಟ್ಟರೆ ಉಸಿರು ನಿಲ್ಲುತ್ತದೆ. ಅಷ್ಟೇ ಪ್ರಮಾಣದ ಉಪ್ಪುದ್ರಾವಣ ಬಿಟ್ಟರೆ ನಿಲ್ಲುವುದಿಲ್ಲ. ಅಂದರೆ ಇದು ಒದ್ದೆ ತಾಗಿದ್ದಕ್ಕೆ ಬರುವ ಪ್ರತಿಕ್ರಿಯೆ ಅಲ್ಲ, ಆ ದ್ರವದಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. ಮುಖ್ಯವಾದದ್ದು ಉಪ್ಪಿನಲ್ಲಿರುವ ಕ್ಲೋರೈಡ್. ಕ್ಲೋರೈಡ್ ತುಂಬಾ ಕಡಿಮೆ ಇದ್ದರೆ ಆ ನರದ ತುದಿಗಳು ಎದ್ದು ಕೂಗುತ್ತವೆ.

ಗರ್ಭದಲ್ಲಿದ್ದಾಗ ಇದಕ್ಕೆ ಅರ್ಥ ಇದೆ. ಮರಿಯ ಶ್ವಾಸಕೋಶ ತಾನೇ ತಯಾರಿಸುವ ನೀರಲ್ಲಿ ಕ್ಲೋರೈಡ್ ರಕ್ತದಲ್ಲಿರುವುದಕ್ಕಿಂತ ಜಾಸ್ತಿ, ಅದು ಮೇಲೆ ಹರಿದು ಬಂದು ಧ್ವನಿಪೆಟ್ಟಿಗೆಯನ್ನು ತೊಳೆಯುತ್ತಿರುತ್ತದೆ, ಅದಕ್ಕೆ ನರ ಒಗ್ಗಿಕೊಂಡಿರುತ್ತದೆ. ಹೊರಗಿನ ಬೇರೆ ದ್ರವ ಬಂದರೆ ಉಸಿರು ಹಿಡಿ, ನುಂಗು, ಶ್ವಾಸಕೋಶಕ್ಕೆ ಬಿಡಬೇಡ. ಹೊಕ್ಕುಳಬಳ್ಳಿಯಿಂದ ಆಮ್ಲಜನಕ ಬರುತ್ತಲೇ ಇರುವುದರಿಂದ ಎಷ್ಟು ಹೊತ್ತು ಹಿಡಿದರೂ ನಷ್ಟವಿಲ್ಲ. ಬಳ್ಳಿ ಹರಿದ ಮೇಲೆ ಲೆಕ್ಕ ಬದಲಾಯಿತು, ಆದರೆ ರಿಫ್ಲೆಕ್ಸ್ ಬದಲಾಗಿಲ್ಲ. ಅದು ಬದಲಾಗಲು ಸಮಯ ಬೇಕು. ಬೆಳೆದ ಹಸುವಿಗೆ, ಬೆಳೆದ ನಮಗೆ, ಗಂಟಲಿಗೆ ನೀರು ತಪ್ಪಿ ಹೋದರೆ ಕೆಮ್ಮು ಬರುತ್ತದೆ. ಆಗತಾನೆ ಹುಟ್ಟಿದ್ದಕ್ಕೆ ಕೆಮ್ಮು ಬರುವುದು ಅಪರೂಪ, ಉಸಿರೇ ನಿಲ್ಲುತ್ತದೆ. ನರ ಅದೇ, ಉತ್ತರ ಮಾತ್ರ ಬೇರೆ. "ಕೆಮ್ಮಲಿಲ್ಲ, ಹಾಗಾದ್ರೆ ನೀರು ತಪ್ಪಿ ಹೋಗಿಲ್ಲ" ಅಂತ ಮನೆಯ ಯಜಮಾನರು ಅಂದರು. ದೊಡ್ಡ ಹಸುವಾಗಿದ್ದರೆ ಅವರ ಮಾತು ಸರಿ.

ಬೆಲ್ಲದ ನೀರಲ್ಲಿ ಸಿಹಿ ಇದೆ, ಕ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ. ಧ್ವನಿಪೆಟ್ಟಿಗೆಯ ಮಟ್ಟಿಗೆ ಅದು ಸಾದಾ ನೀರೇ. ನೆತ್ತಿಗೆ ಹಾಕುವ ತಣ್ಣೀರು ಮೂತಿಗೆ ಹೋಗಬಾರದು ಅಂದಿದ್ದೂ ಇದಕ್ಕೇ.

ಬಿಸಿಯ ವಿಷಯ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು. ಹಂದಿಮರಿಗಳ ಮೇಲಿನ ಪ್ರಯೋಗಗಳಲ್ಲಿ ಮೈ ಉಷ್ಣತೆ ಏರಿಸಿದಾಗ ಇದೇ ರಿಫ್ಲೆಕ್ಸಿನಿಂದ ಉಸಿರು ನಿಲ್ಲುವ ಅವಧಿ ಉದ್ದವಾಯಿತು. ಮನುಷ್ಯರ ಕೂಸುಗಳು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವುದಕ್ಕೂ ಅತಿಯಾಗಿ ಬೆಚ್ಚಗಿಡುವುದಕ್ಕೂ ನಂಟಿರುವುದರಿಂದ, ಈ ರಿಫ್ಲೆಕ್ಸನ್ನು ಅಲ್ಲಿಯೂ ಒಂದು ಸಂಭವನೀಯ ಕಾರಣವಾಗಿ ಸಂಶೋಧಕರು ನೋಡುತ್ತಾರೆ. ಒದ್ದೆ ಕರುವನ್ನು ಒಣಗಿಸಬೇಕು, ಚಳಿಯಿಂದ ಕಾಯಬೇಕು, ಅದು ಸರಿ. ಒಣಗಿದ ಮೇಲೂ ಎರಡು ಕಂಬಳಿ, ಮೇಲೆ ಬಲ್ಬು, ಇದು ಅತಿಯಾಯಿತು. ಉಸಿರು ಹಿಡಿಯುವ ಕಾರಣವನ್ನೂ ಅದನ್ನು ಉದ್ದ ಮಾಡುವ ಕಾರಣವನ್ನೂ ಒಟ್ಟಿಗೆ ಕೊಟ್ಟ ಹಾಗಾಯಿತು. ಅದಕ್ಕೆ ಮೊದಲೇ ಆ ಕರು ಆಮ್ಲಜನಕ ಸಾಲದೆ ಬಳಲಿತ್ತು, ಅದೂ ಈ ರಿಫ್ಲೆಕ್ಸನ್ನು ಜೋರು ಮಾಡುತ್ತದೆ.

ಉಸಿರು ನಿಂತು ಆಮ್ಲಜನಕ ಇಳಿದಾಗ ದೇಹ ತಾನೇ ಎಚ್ಚರಿಸಿಕೊಳ್ಳಬೇಕಲ್ವಾ ಅಂತ ಆ ಹುಡುಗಿ ಕೇಳಿದಳು. ಒಳ್ಳೆ ಪ್ರಶ್ನೆ. ಆ ಕಾವಲು ಕೆಲಸ ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿರುವ ಕೆರಾಟಿಡ್ ಬಾಡಿ ಎಂಬ ಪುಟ್ಟ ಅಂಗದ್ದು. ಅದರ ಕೆಲಸ ತೋರಿಸಿಕೊಟ್ಟ ಕಾರ್ನೀಲ್ ಹೈಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಗರ್ಭದಲ್ಲಿ ಮರಿಯ ರಕ್ತದ ಆಮ್ಲಜನಕದ ಒತ್ತಡ 25 ಮಿಲಿಮೀಟರ್ ಪಾದರಸದ ಆಸುಪಾಸು, ಬೆಳೆದ ಪ್ರಾಣಿಗೆ ಅದು ಸಾಯುವ ಮಟ್ಟ. ಕಾವಲುಗಾರ ಆ ಮಟ್ಟಕ್ಕೇ ಹೊಂದಿಕೊಂಡಿರುತ್ತಾನೆ. ಹುಟ್ಟಿದ ಮೇಲೆ ಆಮ್ಲಜನಕ ಒಮ್ಮೆಲೇ ಏರುತ್ತದೆ, ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಅವನಿಗೆ ದಿನಗಳು ಬೇಕು. ಹುಟ್ಟಿ ಒಂದು ಗಂಟೆಯಾದ ಕರುವಿನಲ್ಲಿ ಈ ಎಚ್ಚರಿಕೆ ತುಂಬಾ ದುರ್ಬಲ. ಆಮ್ಲಜನಕ ಇಳಿದಾಗ ಮರಿಗಳು ಒಂದೆರಡು ನಿಮಿಷ ಜೋರಾಗಿ ಉಸಿರಾಡಿ ಆಮೇಲೆ ಇನ್ನೂ ಕಡಿಮೆ ಉಸಿರಾಡುವುದು ಇದೇ ಎಳೆತನದ ಲಕ್ಷಣ. ಹಾಗಾಗಿ ಅದಕ್ಕೆ ಉಳಿಯುವ ಕೊನೆಯ ಆಸರೆ ಬಾಯಿ ಬಿಟ್ಟು ಎಳೆಯುವ ಆ ದೊಡ್ಡ ಉಸಿರು ಮಾತ್ರ.

ಬೇರೆ ಕಾರಣ ಇರಬಹುದಿತ್ತಾ? ಶ್ವಾಸಕೋಶಕ್ಕೇ ನೀರು ನುಗ್ಗಿದ್ದರೆ ಸ್ಟೆತಸ್ಕೋಪಿನಲ್ಲಿ ಗೊರಗೊರ ಕೇಳಬೇಕಿತ್ತು, ಕೇಳಲಿಲ್ಲ, ಮುಂದಿನ ದಿನಗಳಲ್ಲಿ ಜ್ವರವಾಗಲಿ ಕೆಮ್ಮಾಗಲಿ ಬರಲಿಲ್ಲ. ರಕ್ತದ ಸಕ್ಕರೆ ಇಳಿದಿದ್ದರೆ ಬಾಯಿ ಒರೆಸಿದ ಮಾತ್ರಕ್ಕೆ ಸರಿಹೋಗುತ್ತಿರಲಿಲ್ಲ. ಮೊದಲ ನಿಲುಗಡೆಯ ಮುಂದುವರಿಕೆ ಅನ್ನೋಣ ಅಂದರೆ ಕರು ಆಗಲೇ ತಲೆ ಎತ್ತಿ ಕೂತಿತ್ತು. ನುಂಗು ನಿಂತ ಕೂಡಲೇ ಉಸಿರು ಬಂತು, ಉಸಿರಿನ ಹಿಂದೆಯೇ ಎದೆಬಡಿತ ಏರಿತು. ಈ ಕ್ರಮವೇ ನನಗೆ ಸಾಕು.

ಔಷಧಿ ಯಾಕೆ ಕೊಡಲಿಲ್ಲ ಅಂತ ಆಮೇಲೆ ಇಬ್ಬರು ಸಹೋದ್ಯೋಗಿಗಳು ಕೇಳಿದರು. ಉಸಿರು ಎಬ್ಬಿಸಲು ಡಾಕ್ಸಾಪ್ರಾಮ್ ಇದೆ ನಿಜ. ಅದು ಮೆದುಳಿಗೆ ಬೇಕಾಗುವ ಆಮ್ಲಜನಕವನ್ನೂ ಹೆಚ್ಚಿಸುತ್ತದೆ, ಆಮ್ಲಜನಕವೇ ಸಿಗದೆ ಇರುವ ಕರುವಿಗೆ ಅದನ್ನು ಮೊದಲು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಎದೆಬಡಿತ ಬಿದ್ದಾಗ ಅಟ್ರೋಪಿನ್‌ಗೆ ಕೈ ಹೋಗುವುದೂ ಇದೆ. ನಗರದೊಳಗಿನ ಕ್ಲಿನಿಕ್‌ಗಳಲ್ಲಿ ಪಗ್, ಬುಲ್‌ಡಾಗ್‌ಗಳಿಗೆ ಸಿಸೇರಿಯನ್ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು: ಹುಟ್ಟಿದ ನಾಯಿಮರಿಯ ಎದೆಬಡಿತ ಇಳಿದಿದ್ದರೆ ಸಾಮಾನ್ಯವಾಗಿ ಅದು ಆಮ್ಲಜನಕದ ಕೊರತೆಯಿಂದ, ಮದ್ದು ಗಾಳಿ, ಅಟ್ರೋಪಿನ್ ಅಲ್ಲ. ಹಾಗೇ ಮರಿಯನ್ನು ಕೈಯಲ್ಲಿ ಹಿಡಿದು ಬೀಸಿ ನೀರು ಇಳಿಸುವುದನ್ನು ಈಗಲೂ ಕೆಲವರು ಮಾಡುತ್ತಾರೆ, ದಯವಿಟ್ಟು ನಿಲ್ಲಿಸಿ, ಆ ಎಳೆ ಮೆದುಳಿಗೆ ಪೆಟ್ಟಾಗಬಹುದು.

ಕರು ಒಂದೂವರೆ ಗಂಟೆಯ ಹೊತ್ತಿಗೆ ಬೆರಳನ್ನು ನಾಲಗೆಯಲ್ಲಿ ಸುತ್ತಿ ಗಟ್ಟಿಯಾಗಿ ಚೀಪಿತು. ಆಗ ತಾಯಿಯ ಗಿಣ್ಣುಹಾಲು ಕರೆದು, ನಿಪ್ಪಲ್ ಬಾಟಲಿಯಲ್ಲಿ, ಕರು ಎದೆಯ ಮೇಲೆ ಕೂತಿರುವಾಗಲೇ, ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತದೆ ಕೊಟ್ಟೆವು. ಚೀಪುವಾಗ ನುಂಗುವುದು ಮತ್ತು ಉಸಿರಾಡುವುದು ತಾವೇ ಸರದಿ ಹಾಕಿಕೊಳ್ಳುತ್ತವೆ, ಸುರಿದಾಗ ಆ ಸರದಿ ಇರುವುದಿಲ್ಲ. ಬಾಟಲಿ ಹಿಡಿದವರು ಅಜ್ಜಿಯೇ, ನಾನೇ ಹಿಡಿಯಲು ಹೇಳಿದೆ. ನಡುನಡುವೆ ನಿಪ್ಪಲ್ ತೆಗೆದು ಉಸಿರಿಗೆ ಬಿಡುವು ಕೊಡುತ್ತಾ ಒಂದೂವರೆ ಲೀಟರ್ ಕುಡಿಸಿದರು, ಬೆಳಗಿನ ಜಾವ ಮತ್ತೆ ಅಷ್ಟೇ. ಅಷ್ಟರಲ್ಲಿ ಕರು ಎದ್ದು ನಿಂತಿತ್ತು. ಹಸುವಿನ ಸತ್ತೆ ತಾನಾಗಿ ಬಿತ್ತು.

ಅದೇ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಮಾರ್ಚಿಗೆ ಕರು ಹಾಕಬೇಕು. ಅದು ಚೊಚ್ಚಲಲ್ಲ, ಹಾಗಾಗಿ ನೀರುಗುಳ್ಳೆ ಒಡೆದು ಒಂದು ಗಂಟೆಯಲ್ಲಿ ಹೆರಿಗೆ ಮುಂದಕ್ಕೆ ಹೋಗದಿದ್ದರೆ ಫೋನ್ ಮಾಡಿ, ಎರಡು ಗಂಟೆ ಕಾಯಬೇಡಿ ಅಂತ ಹೇಳಿದ್ದೇನೆ. ಒಣ ಟವೆಲ್ಲು, ಗೋಣಿಚೀಲ, ಒಂದು ಹಿಡಿ ಶುಭ್ರವಾದ ಹುಲ್ಲುಕಡ್ಡಿ, ನಿಪ್ಪಲ್ ಬಾಟಲಿ ಒಂದು ಬುಟ್ಟಿಯಲ್ಲಿ ಇಡಲು ಹೇಳಿದ್ದೇನೆ. ಬಲ್ಬನ್ನು ಕರುವಿನ ಬೆನ್ನಿನಿಂದ ಒಂದು ಮೊಳಕ್ಕಿಂತ ಜಾಸ್ತಿ ಎತ್ತರದಲ್ಲಿ ಕಟ್ಟಬೇಕು, ಕರು ಒಣಗಿದ ಮೇಲೆ ಕಿವಿ ಮುಟ್ಟಿ ನೋಡಿ ಬಿಸಿಯಾಗಿದ್ದರೆ ಆರಿಸಬೇಕು. ಬೆಲ್ಲದ ನೀರನ್ನು ಕರು ಹಾಕಿದ ಹಸುವಿಗೇ ಕುಡಿಸಿ ಅಂದೆ, ಅದಕ್ಕೆ ಅಜ್ಜಿ ಒಪ್ಪಿದರು.